ಎಲೆ ರಸದ ಬೆಳ್ಳಿ ನೀರು

ಹಿಂದೂಪುರದ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಅಕ್ಕ ಕಲ್ಯಾಣದುರ್ಗದ ಒಂದು ಅಂಗನವಾಡಿಯಲ್ಲಿ ಆಯಾ. ನನ್ನ ಮನೆಗೆ ಬರುವಾಗಲೆಲ್ಲ ಬೇಲಿಯಂಚಿನ ಹಳದಿ ಹೂವಿನ ತಂಗಡಿ ಗಿಡದಿಂದ ಚೀಲದ ತುಂಬ ಸೊಪ್ಪು ತರುತ್ತಿದ್ದಳು. ಅದನ್ನು ಕುದಿಸಿ, ಸೋಸಿ, ಸಿಲ್ವರ್ ನೈಟ್ರೇಟ್ ಕರಗಿಸಿದ ನೀರಿಗೆ ಬೆರೆಸುತ್ತಿದ್ದೆ. ತಿಳಿನೀರು ಮೊದಲು ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು ಹುಟ್ಟಿದವು ಎಂಬುದಕ್ಕೆ ಅದೇ ಗುರುತು. ರೋಗಾಣುಗಳನ್ನು ಕೊಲ್ಲುವ ಕಣಗಳು ಅವು.

ಒಮ್ಮೆ ಅಕ್ಕ ಲ್ಯಾಬಿಗೇ ಬಂದಳು. ಬೇರೆ ಕಡೆ ಇದಕ್ಕೆ ವಿಷದಂಥ ರಾಸಾಯನಿಕ ಬಳಸುತ್ತಾರೆ, ನಮ್ಮದು ಬರೀ ಎಲೆಯಿಂದ ಎಂದು ಹೆಮ್ಮೆಯಿಂದ ಹೇಳಿದೆ. ಅವಳ ಹಿಮ್ಮಡಿ ಒಡೆದು ಕೀವಾಗಿತ್ತು. ಹಚ್ಚಿಕೊಳ್ಳಲೆಂದು ಆ ಬೆಳ್ಳಿ ನೀರಿನ ಒಂದು ಬಾಟಲಿ ಕೊಟ್ಟೆ. ಲ್ಯಾಬಿನದ್ದು ಹೊರಗೆ ಹೋಗಬಾರದೆಂದು ವಿದ್ಯಾರ್ಥಿಗಳನ್ನು ಗದರಿಸುವವಳು ನಾನೇ.

ಕೆಲವು ವಾರಗಳ ನಂತರ ಫೋನ್ ಮಾಡಿ ಇನ್ನೊಂದು ಬಾಟಲಿ ಕೇಳಿದಳು. ಹಿಮ್ಮಡಿ ಮಾಯ್ದಿದೆಯಲ್ಲ, ಯಾಕೆ ಎಂದೆ.

"ಮಕ್ಳು ಕುಡಿಯೋ ನೀರಿಗೆ ದಿನಾ ನಾಕು ತೊಟ್ಟು ಬಿಡ್ತಿದ್ದೆ ಕಣಮ್ಮ. ಎಲೆದೇ ಅಂದ್ಯಲ್ಲ, ಏನಾಯ್ತದೆ?"

ಇನ್ನು ಒಂದು ತೊಟ್ಟೂ ಹಾಕಬೇಡ ಎಂದೆ. ಮರುದಿನ ಮೊದಲ ಬಸ್ಸು ಹಿಡಿದು ಹೋಗಿ ಅಂಗನವಾಡಿ ಟೀಚರಮ್ಮನಿಗೆ ಎಲ್ಲ ಹೇಳಿದೆ. ಅವರು ತಾಯಂದಿರನ್ನು ಕರೆಸಿದರು. ಡಾಕ್ಟರು ಒಂದೊಂದೇ ಮಗುವನ್ನು ನೋಡಿ, ಈಗೇನೂ ಕಾಣುತ್ತಿಲ್ಲ ಎಂದರು. ಒಬ್ಬ ತಾಯಿ ಮಾತ್ರ ನನ್ನ ಮುಂದೆಯೇ ನಿಂತಿದ್ದಳು.

"ಏಮೀ ಕಾದು ಗದಾ ಮೇಡಂ? ಮುಂದೆನೂ ಏನೂ ಆಗಲ್ಲ ತಾನೆ?" ಎಂದು ತೆಲುಗು ಕನ್ನಡ ಬೆರೆಸಿ ಕೇಳಿದಳು.

ಹೊಟ್ಟೆಗೆ ಹೋಗಿದ್ದು ತೀರಾ ಕಡಿಮೆ ಎಂದೆ. ಗ್ಯಾರಂಟಿ ಹೇಳಲು ಬಾಯಿ ಬರಲಿಲ್ಲ.

ವಾಪಸ್ ಬಂದವಳೇ, ಬೆಳ್ಳಿ ನೀರು ಬೆಳೆಯುವ ಜೀವಕ್ಕೆ ಏನು ಮಾಡುತ್ತದೆಂದು ನೋಡಲು, ಎರಡು ಗಾಜಿನ ಲೋಟಗಳ ಮೇಲೆ ಬುಡ ನೀರಿಗೆ ತಾಗುವಂತೆ ಈರುಳ್ಳಿ ಇಟ್ಟೆ. ನಲ್ಲಿ ನೀರಿನ ಲೋಟದಲ್ಲಿ ವಾರದೊಳಗೆ ಬೇರು ಬೆರಳುದ್ದ ಇಳಿಯಿತು. ಬೆಳ್ಳಿ ನೀರಿನದ್ದರಲ್ಲಿ ತುದಿ ಕಪ್ಪಾಗಿ, ಅಕ್ಕಿಕಾಳಿನಷ್ಟಕ್ಕೇ ನಿಂತುಬಿಟ್ಟಿತು. ಇಷ್ಟು ಕಾಲ ಅದು ಏನನ್ನು ಕೊಲ್ಲುತ್ತದೆ ಎಂಬುದನ್ನಷ್ಟೇ ನೋಡಿದ್ದೆ. ಏನನ್ನು ಉಳಿಸುತ್ತದೆ ಎಂದು ನೋಡಿರಲಿಲ್ಲ. ಈರುಳ್ಳಿಯ ಫೋಟೋ ಅಕ್ಕನಿಗೆ ಕಳಿಸಿದೆ.

"ಇದ್ನ ಮೊದ್ಲೇ ಮಾಡಿ ನೋಡ್ಬಾರ್ದಾಗಿತ್ತಾ?" ಎಂದಳು.

ಟೀಚರಮ್ಮ ನೀರು ತುಂಬುವ ಕೆಲಸವನ್ನು ಅಕ್ಕನಿಂದ ಬಿಡಿಸಿ ಬೇರೆಯವರಿಗೆ ಕೊಟ್ಟರು. ತಪ್ಪು ನನ್ನದೆಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಮಕ್ಕಳು ಚೆನ್ನಾಗಿಯೇ ಇದ್ದಾರೆ. ನಾನು ಕಲ್ಯಾಣದುರ್ಗಕ್ಕೆ ಹೋದರೆ ಅಕ್ಕ ಬಿಸಿಬಿಸಿ ಮುದ್ದೆ ಬಡಿಸಿ, ಊರ ಸುದ್ದಿಯೆಲ್ಲ ಹೇಳುತ್ತಾಳೆ. ಅಂಗನವಾಡಿಯ ಮಾತನ್ನು ಮಾತ್ರ ಎತ್ತುವುದಿಲ್ಲ. ಕೇಳುವ ಧೈರ್ಯ ನನಗೂ ಬಂದಿಲ್ಲ.