ಎಂಜಲ ಗಾಳಿ

ಕಾಕಾನ ಎಡಗಿವಿಯ ಮೇಲ್ತುದಿ ಇರಲಿಲ್ಲ. ಹಾಯಿಯ ಕೆಳಗಿನ ಅಡ್ಡಗೋಲು ಬಡಿದು ಹಾರಿಹೋಗಿತ್ತು. ಆ ಮೊಂಡುಗಿವಿ ಇಟ್ಟುಕೊಂಡೇ ಅವರು ಗಾಳಿ ಅಳೆಯುತ್ತಿದ್ದರು. ಅಂಗಳದಲ್ಲಿ ನಿಂತು, ಎರಡೂ ಕಿವಿಗೆ ಸಮ ಸದ್ದು ಬರುವ ತನಕ ಕತ್ತು ಹೊರಳಿಸಿ, ಗಾಳಿ ಇಂಥ ಕಡೆಯಿಂದ ಅಂತ ಹೇಳುವರು. ಉಣ್ಣುವಾಗಲೂ ನಡುವೆ ಎದ್ದು ಹೋಗಿ ನೋಡಿಬರುವರು. "ಕುಂತಲ್ಲಿ ಕೂಡೂ ಮನಿಷ್ಯಾ ಅಲ್ಲ ಇವರು, ರೊಟ್ಟಿ ಆರತಾವ," ಎಂದು ಅವರ ಹೆಂಡತಿ ಕಾಕೂ ಗೊಣಗುತ್ತಿದ್ದರು.

ಕಾಕಾ ನಮ್ಮ ಬಾಜು ಮನೆಯವರು. ನೌಕಾಪಡೆಯಲ್ಲಿದ್ದಾಗ ಹಾಯಿದೋಣಿ ರೇಸು ಆಡಿ, ನಿವೃತ್ತರಾಗಿ ಗುಡಗೇರಿಗೆ ಮರಳಿದ್ದರು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಎರೆಹೊಲ. ಸಮುದ್ರದ ಮಾತು ಕೇಳುವವರಿಲ್ಲದೆ ಒದ್ದಾಡುತ್ತಿದ್ದ ಆ ಜೀವಕ್ಕೆ ನಾನು ಸಿಕ್ಕೆ. ಕಾಲೇಜಿನಿಂದ ಕಾರವಾರದ ಶಿಬಿರಕ್ಕೆ ಹೋಗಿ ದೋಣಿ ಕಲಿತಿದ್ದೆ, ಪ್ರತಿ ರೇಸಿನಲ್ಲೂ ಕಡೆಯವಳಾಗುತ್ತಿದ್ದೆ. ರಾಜ್ಯ ತಂಡದ ಆಯ್ಕೆಗೆ ಒಂದು ತಿಂಗಳಿತ್ತು. ಮೊದಲ ಇಬ್ಬರಿಗೆ ಮಾತ್ರ ಜಾಗ.

"ರೇಸಿನ್ಯಾಗ ಏನ್ ಮಾಡ್ತಿ?" ಎಂದರು.

"ಮುಂದ ಇದ್ದವರ ಹಿಂದಿಂದ ಹೋಗ್ತೀನ್ರಿ ಕಾಕಾ. ಅವರಿಗೆ ಗೊತ್ತಿರತೈತಲ್ರಿ."

ಕಾಕಾ ಎದ್ದು ನನ್ನನ್ನು ಕಣಕ್ಕೆ ಕರೆದೊಯ್ದರು. ಕಡಲೆ ಸುಗ್ಗಿ. ಈಗ ಒಕ್ಕಲಿಗೆ ಮಷಿನ್ ಬಂದರೂ ಮನೆ ಮಟ್ಟಿಗೆ ಬೇಕಾದಷ್ಟನ್ನು ಅವರು ಕೈಯಾರೆ ತೂರುತ್ತಿದ್ದರು. ಗಾಳಿ ತಮ್ಮನ್ನು ದಾಟಿ ನನಗೆ ಬರುವಂತೆ ನನ್ನನ್ನು ಹಿಂದೆ ನಿಲ್ಲಿಸಿ, ಇಬ್ಬರೂ ಮೊರ ಎತ್ತಿ ತೂರೋಣ ಎಂದರು. ಅವರು ತೂರಿದ ಹೊಟ್ಟು ಹಾರಿ ನನ್ನ ಕಣ್ಣಿಗೆ ಬಂತು. ನನ್ನ ಕಡಲೆ ಹೊಟ್ಟಿನ ಸಮೇತ ಕಾಲಬುಡಕ್ಕೇ ಬಿತ್ತು.

"ತಿಳೀತೇನ್ ಬೇ? ಮುಂದಿನಾಕಿ ಹಾಯಿ ಗಾಳಿ ತಿಂದು ಬಿಟ್ಟಿದ್ದು ನಿನಗ ಬರತೈತಿ. ಎಂಜಲ ಗಾಳಿ. ದೋಣಿ ಹೊಳ್ಳಿಸ್ಕೊಂಡು ಬ್ಯಾರೆ ಗಾಳಿಗೆ ಹೋಗು."

ಕಣ್ಣುಜ್ಜಿಕೊಳ್ಳುತ್ತ ಸಿಟ್ಟು ಬಂತು. ಪಾಠ ಮಾತ್ರ ಮರೆಯಲಿಲ್ಲ.

ಇನ್ನೊಂದು ಪಾಠವನ್ನು ಹೇಳುವಾಗ ಅವರು ಮೂರು ಸಲ ಕುಳಿತು ನಾಲ್ಕು ಸಲ ಎದ್ದರು. "ನೀ ಮುಂದಿದ್ದಾಗ ಗಾಳಿ ಹುಡುಕಬ್ಯಾಡ. ಹಿಂದಿನಾಕಿ ಎತ್ತ ಹೊಳ್ಳತಾಳೋ ಅತ್ತ ಹೊಳ್ಳು. ನಿನ್ನ ಎಂಜಲ ಗಾಳೀನ ಆಕಿಗೆ ಬರಲಿ, ಆಕಿನ್ನ ಬಿಟ್ಟು ಸರೀಬ್ಯಾಡ." ಒಮ್ಮೆ ದೊಡ್ಡ ರೇಸಿನಲ್ಲಿ ತಾವೇ ಮುಂದಿದ್ದು, ಇನ್ನೂ ಒಳ್ಳೆಯ ಗಾಳಿಯ ಆಸೆಗೆ ದೂರ ಸರಿದು, ಪದಕ ಕಳೆದುಕೊಂಡಿದ್ದರಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಆಯ್ಕೆಯ ದಿನ ಎಂಜಲ ಗಾಳಿಯಿಂದ ತಪ್ಪಿಸಿಕೊಂಡು ಎರಡನೆಯವಳಾಗಿ ಕೊನೆಯ ಸುತ್ತಿಗೆ ಬಂದೆ. ಮೂರನೆಯವಳು ಹತ್ತು ಮಾರು ಹಿಂದೆ. ಅಷ್ಟರಲ್ಲಿ ಬಲಗಡೆ ದೂರದಲ್ಲಿ ನೀರು ಕಪ್ಪಾಗಿ ಸುಕ್ಕುಗಟ್ಟಿತು. ಅಲ್ಲಿ ಗಾಳಿ ಜೋರಾಗಿದೆ ಎಂದರ್ಥ. ಮೂರನೆಯವಳು ಎಡಕ್ಕೆ ಹೊರಳಿದಳು. ನಾನೂ ಹೊರಳಬೇಕಿತ್ತು. ಬಲಕ್ಕೆ ಹೋದೆ. ನಾನು ಮುಟ್ಟುವ ಹೊತ್ತಿಗೆ ಆ ಗಾಳಿ ಸತ್ತಿತ್ತು. ಜೋತ ಹಾಯಿಯ ಕೆಳಗೆ ಕೂತು ಅವಳು ಗುರಿ ದಾಟುವುದನ್ನು ನೋಡಿದೆ.

ಊರಿಗೆ ಬಂದು ಎರಡು ದಿನ ಅವರಿಗೆ ಮುಖ ತೋರಿಸಲಿಲ್ಲ. ಮೂರನೆಯ ದಿನ ಅವರೇ ಬಂದರು. ತಡವರಿಸುತ್ತ ಎಲ್ಲ ಹೇಳಿದೆ. ಎಂದಿಲ್ಲದ ಹಾಗೆ ಕಟ್ಟೆಯ ಮೇಲೆ ಅಲುಗದೆ ಕೂತು ಕೇಳಿದರು.

"ನೀರು ಅಗದಿ ಕರ್ರಗಾಗಿತ್ತೇನು?"

"ಹೌದ್ರಿ."

"ಹಂಗಾದ್ರ ನಾನೂ ಹೋಗ್ತಿದ್ನಿ," ಎಂದರು. ನನಗೆ ಅಳು ಬಂತು, ಅದರ ಹಿಂದೆಯೇ ನಗು.

ಆ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮರುವರ್ಷದ ರೇಸಿನಲ್ಲಿ ನಾನು ಹಿಂದಿನವಳನ್ನು ಬಿಟ್ಟು ಅಲುಗಲಿಲ್ಲ, ತಂಡಕ್ಕೆ ಆಯ್ಕೆಯಾದೆ. ಅವರ ಪಾಠಗಳ ಋಣ ದೊಡ್ಡದೇ. ಆದರೆ ಸೋತು ಬಂದಾಗ ಅವರು ಬೈದಿದ್ದರೆ ನಾನು ಮತ್ತೆ ದೋಣಿ ಹತ್ತುತ್ತಿರಲಿಲ್ಲ.