ಪ್ರೋನೋಟಿನ ಹಿಂಬದಿ

ಮೊನ್ನೆ ಶಿರಾಳಕೊಪ್ಪದಲ್ಲಿ ಪಹಣಿಯ ಜೆರಾಕ್ಸ್ ಮಾಡಿಸುತ್ತಿದ್ದೆ. ಯಂತ್ರದಿಂದ ಹೊರಬಂದ ಕಾಗದದ ಬಿಸಿ ವಾಸನೆ ಮೂಗಿಗೆ ತಾಗಿತು. ಕುರಿ ಸಾಕುತ್ತಿದ್ದ ಆ ಅಮ್ಮ ನೆನಪಾದರು...

ಆಗ ನಾನು ಶಿಕಾರಿಪುರದ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಆಕೆ ಸೊರಬದ ಕಡೆಯವರು. ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಬದುಕಿದ್ದಾಗ ಆತ ಕುರಿ ಮಾರಿದ ಹಣವನ್ನು ಟೆಂಪೋ ಕೊಳ್ಳಲೆಂದು ತಮ್ಮನಿಗೆ ಸಾಲವಾಗಿ ಕೊಟ್ಟು, ಪ್ರೋನೋಟು ಬರೆಸಿಕೊಂಡಿದ್ದ. ಈಗ ಮಗಳ ನರ್ಸಿಂಗ್ ಫೀಸಿಗೆ ಆ ಹಣ ಬೇಕಾಗಿತ್ತು. ಕೇಳಲು ಹೋದಾಗ ಮೈದುನ ನಗುತ್ತಲೇ ಹೇಳಿದ್ದನಂತೆ, “ನೋಟು ಅಣ್ಣನ ಹೆಸರಲ್ಲೈತಿ ಅತ್ತಿಗೆ. ಅಣ್ಣನೇ ಬಂದು ಕೇಳ್ಲಿ.”

ವಕೀಲರು ಸಮಾಧಾನದಿಂದ ವಿವರಿಸಿದರು. ನೋಟು ಯಾರ ಹೆಸರಿನಲ್ಲಿದೆಯೋ ಅವರಿಗೇ ವಸೂಲಿಯ ಹಕ್ಕು. ಅವರು ಬದುಕಿಲ್ಲವೆಂದರೆ ವಾರಸುದಾರರು ಕೋರ್ಟಿನಿಂದ ಪ್ರಮಾಣಪತ್ರ ತರಬೇಕು. ಮೈದುನ ತಕರಾರು ತೆಗೆದರೆ ವರ್ಷವೇ ಹಿಡಿದೀತು. “ನಿಮ್ಮ ಯಜಮಾನ್ರು ಹಿಂದ್ಗಡೆ ನಿಮ್ಮ ಹೆಸರಿಗೆ ಬರೆದು, ಸಹಿ ಹಾಕಿ ಕೈಗೆ ಕೊಟ್ಟಿದ್ರೆ ಬೇರೆ ಮಾತಿತ್ತು ನೋಡ್ರಿ,” ಎಂದರು, ನೋಟನ್ನು ತಿರುಗಿಸಿ ನೋಡದೆಯೇ.

ನಾನು ನೋಟಿನ ಎರಡೂ ಬದಿಯ ಜೆರಾಕ್ಸ್ ತೆಗೆದು, ಅಸಲನ್ನು ಆಕೆಗೇ ಕೊಟ್ಟೆ. ಹಿಂಬದಿ ಖಾಲಿ ಇತ್ತು.

ಮೂರನೆಯ ದಿನ ಆಕೆ ಮತ್ತೆ ಬಂದರು. ನೋಟು ಕೈಗೆ ತೆಗೆದುಕೊಂಡು ತಿರುಗಿಸಿದೆ. ಹಿಂಬದಿಯಲ್ಲಿ ನಾಲ್ಕು ಸಾಲು ಬರಹ... ಈ ಹಣವನ್ನು ನನ್ನ ಹೆಂಡತಿಗೆ ಸಲ್ಲಿಸತಕ್ಕದ್ದು ಎಂದಿತ್ತು. ಕೆಳಗೆ ನಡುಗುವ ಅಕ್ಷರದ ಸಹಿ.

“ಇದನ್ನ ಯಾರು ಬರೆದ್ರು ಅಮ್ಮಾ?”

“ನಂಗೆ ಓದಕ್ಕೆ ಬರೆಯಕ್ಕೆ ಎಲ್ಲಿ ಬತ್ತದೆ ಮಾರಾಯ? ನಮ್ಮ ಯಜಮಾನ್ರ ಪೆಟ್ಟಿಗೆ ಮೇಲಿಟ್ಟು, ನಿಮ್ಮ ತಮ್ಮ ಹಿಂಗಂದ ಅಂತ ಹೇಳಿದ್ದೆ. ಬೆಳಿಗ್ಗೆ ಹಿಂಗಿತ್ತು.”

ಹೊಲದಿಂದ ಈಗ ಬಂದೆ ಎನ್ನುವಷ್ಟು ಸಹಜವಾಗಿ ಹೇಳಿದರು. ಮಗಳು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಖಾಲಿ ಹಿಂಬದಿಯ ಪ್ರತಿ ನನ್ನ ಫೈಲಿನಲ್ಲೇ ಇತ್ತು, ವಕೀಲರಿಗೆ ತೋರಿಸಬೇಕಾಗಿತ್ತು. ತೋರಿಸಲಿಲ್ಲ.

ವಕೀಲರು ಕರೆಸಿದಾಗ ಮೈದುನ ಧೈರ್ಯವಾಗಿಯೇ ಬಂದ. ಹಿಂಬದಿ ನೋಡುತ್ತಿದ್ದಂತೆ ಅವನ ಮುಖ ಬಿಳಚಿಕೊಂಡಿತು. ಆಕೆಯ ಗಂಡನ ಕೈ ನಡುಗತೊಡಗಿದ್ದು ಆಸ್ಪತ್ರೆಯ ಕೊನೆಯ ವಾರದಲ್ಲಿ. ಅಲ್ಲಿನ ಕಾಗದಗಳಿಗೆ ಸಹಿ ಹಾಕಿಸುವಾಗ ಅಡಿಗೆ ರಟ್ಟು ಹಿಡಿದು ಕೂತು, ಆ ನಡುಗುವ ಸಹಿ ಕಂಡಿದ್ದವನು ಈ ತಮ್ಮನೊಬ್ಬನೇ ಎಂದು ನಮಗೆ ಆಮೇಲೆ ತಿಳಿಯಿತು.

“ಇದು ಅಣ್ಣಂದೇ,” ಎಂದ. ನೋಟನ್ನು ಮತ್ತೆ ತಿರುಗಿಸಿ ನೋಡಿ, “ಯಾವಾಗ ಬರೆದ?” ಎಂದು ಅತ್ತಿಗೆಯನ್ನು ಕೇಳಿದ.

ಎಂಟು ದಿನದೊಳಗೆ ಪೂರ್ತಿ ಹಣ ತಂದುಕೊಟ್ಟ. ತೀರಿದ ನೋಟನ್ನು ವಕೀಲರು ಅವನತ್ತ ಚಾಚಿದರು. ಅವನು ಅದನ್ನು ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡೇ ಮೆಟ್ಟಿಲಿಳಿದು ಹೋದ. ಅಂದು ಸಂಜೆ ನನ್ನ ಬಳಿಯಿದ್ದ ಪ್ರತಿಯನ್ನು ಹರಿದು ಒಲೆಗೆ ಹಾಕಿದೆ. ತಪ್ಪು ಮಾಡಿದೆನೋ ಏನೋ...

ಆಮೇಲೆ ಸೊರಬದ ಸಂತೆಯಲ್ಲಿ ಸಿಕ್ಕಾಗಲೆಲ್ಲ ಆಕೆ ಮಂಡಕ್ಕಿ ಕೊಡಿಸುತ್ತಿದ್ದರು. ನಿಜ ಹೇಳಿ ಎಂದು ಈ ಸಲ ಕೇಳಿಯೇ ಬಿಡಬೇಕು ಎಂದುಕೊಂಡು, ಮಂಡಕ್ಕಿ ತಿಂದು ಬಂದುಬಿಡುತ್ತಿದ್ದೆ.

ಹೋದ ತಿಂಗಳು ಆಕೆ ತೀರಿಕೊಂಡರೆಂದು ಮಗಳು ಫೋನು ಮಾಡಿದಳು. ಈಗ ಕೇಳುವುದಕ್ಕೆ ಯಾರೂ ಇಲ್ಲ. ಸಂತೆಗೆ ಹೋದರೆ, ನನ್ನನ್ನು ಕಂಡು ದೂರದಿಂದಲೇ ಕೈ ಬೀಸಿ ಕರೆಯುವವರೂ ಇಲ್ಲ.