ಎಲ್ಲ ಕಾಲಕ್ಕೂ ಒಂದೇ ಟೈರು

ಪುಟ್ಟೀ, ಚಿನ್ನೂ, ನಿಮ್ಮ ತಾತನ ಕೆಂಪು ಕಾರನ್ನು ನೀವು ಫೋಟೋದಲ್ಲಿ ಮಾತ್ರ ನೋಡಿದ್ದೀರಿ. ಹೋದ ಸಲ ಬಂದಾಗ ಆ ಫೋಟೋ ಹಿಡಿದುಕೊಂಡು, "ಅಜ್ಜಿ, ಈ ಕಾರು ನೀನು ಓಡಿಸ್ತಿದ್ಯಂತೆ, ಸುಳ್ಳು ತಾನೆ?" ಅಂದಿರಿ. ನಾನು ನಕ್ಕು ಅಡುಗೆಮನೆಗೆ ಹೋದೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ನಮ್ಮೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಕನ್ನಡ ಇದಕ್ಕೆ ಸಾಕಾಗುತ್ತದೆ ಅಂದುಕೊಂಡಿದ್ದೇನೆ.

ಆ ಕಾರಿಗೆ ಎರಡೇ ಬಾಗಿಲು. ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾಗಿತ್ತು. ತೊಂಬತ್ತರ ದಶಕದ ಮೊದಲಿನಲ್ಲಿ, ರೇಸಿನ ಹುಚ್ಚಿದ್ದ ಒಬ್ಬರು ಮದುವೆಯಾಗಿ ಹುಚ್ಚು ಬಿಟ್ಟಾಗ, ತಾತ ಅದನ್ನು ಅವರಿಂದ ಕೊಂಡರು. ತಾತ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮೆಲುದನಿ. ಅಂಥವರು ಆ ಕಾರಿನೊಳಗೆ ಕೂತರೆ ಬೇರೆ ಮನುಷ್ಯರಾಗುತ್ತಿದ್ದರು. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಅದು ಸದ್ದು ಮಾಡಿದರೆ ಎದುರುಮನೆಯ ಹೆಂಗಸು ಗೇಟಿಗೆ ಬಂದು, "ನಿಮ್ಮನೆಯವ್ರ ಮೆಣಸಿನಕಾಯಿ ಹೊರಡ್ತು ನೋಡಿ" ಅನ್ನುತ್ತಿದ್ದರು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಕನಕಪುರ ರಸ್ತೆಯಲ್ಲಿರುತ್ತಿದ್ದೆವು. ಆಗ ಆ ದಾರಿಯಲ್ಲಿ ಹೊಲಗಳೇ ಹೆಚ್ಚು. ತಿರುವುಗಳಲ್ಲಿ ತಾತ ಬ್ರೇಕು ಒತ್ತುತ್ತಿರಲಿಲ್ಲ, ಗೇರು ಇಳಿಸುತ್ತಿದ್ದರು ಅಷ್ಟೆ. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೆದರಿಕೆಯಿಂದ ಎಂದು ಅವರು ತಿಳಿದಿದ್ದರು. ಹೆದರಿಕೆ ಅಲ್ಲ, ಹಿತವಾಗಿರುತ್ತಿತ್ತು.

ಆ ಕಾರಿಗೆ ನಾಲ್ಕು ನಾಲ್ಕರ ಎರಡು ಜೊತೆ ಚಕ್ರಗಳಿದ್ದವು. ಬೇಸಿಗೆಗೆ ಅಗಲವಾದ, ನುಣುಪಾದ ಟೈರು. ಮಳೆಗಾಲಕ್ಕೆ ಆಳವಾಗಿ ಗೆರೆ ಕೊರೆದ ಟೈರು. ಅವನ್ನು ಬದಲಾಯಿಸುವ ದಿನವನ್ನು ಗೊತ್ತುಮಾಡುತ್ತಿದ್ದವಳು ನಾನು. ನಮ್ಮಪ್ಪ ಮದ್ದೂರಿನ ಕಡೆ ಬೇಸಾಯ ಮಾಡುತ್ತಿದ್ದವರು. ಮಳೆ ನಕ್ಷತ್ರಗಳನ್ನು ನಾನು ಮಗ್ಗಿಗಿಂತ ಮೊದಲು ಕಲಿತಿದ್ದೆ. ಯುಗಾದಿಗೆ ಹೊಸ ಪಂಚಾಂಗ ತಂದ ಕೂಡಲೇ ತಾತ ಅದನ್ನು ನನ್ನ ಕೈಗೆ ಕೊಡುತ್ತಿದ್ದರು.

"ನಿಮ್ಮಪ್ಪನ ಮಳೆ ಯಾವತ್ತು ಬರುತ್ತೆ ನೋಡೇ."

"ರೋಹಿಣೀನ ನಂಬೋಕಾಗಲ್ಲ ರೀ. ಮೃಗಶಿರ ಹುಟ್ಟೋಕೆ ಮುಂಚೆ ಹಾಕ್ಬಿಡಿ."

ಅದರಂತೆ ಒಂದು ಭಾನುವಾರ ಅಟ್ಟದಿಂದ ಮಳೆ ಟೈರು ಇಳಿಯುತ್ತಿತ್ತು. ಅವರು ಜಾಕು ಹಾಕಿ ಕಾರನ್ನೆತ್ತುವರು, ಬಿಚ್ಚಿದ ನಟ್ಟುಗಳನ್ನು ನಾನು ಹಿತ್ತಾಳೆ ತಟ್ಟೆಯಲ್ಲಿ ಹಿಡಿದು ಕೂರುವೆ. ಸ್ವಾತಿ ಮಳೆ ಮುಗಿದ ಮೇಲೆ ಮತ್ತೆ ಬೇಸಿಗೆಯ ಟೈರು. ಕಚೇರಿಯ ಸ್ನೇಹಿತರ ಮುಂದೆ ತಾತ, "ನಮ್ಮನೇಲಿ ಹವಾಮಾನ ಇಲಾಖೆ ಅಡುಗೆಮನೇಲಿದೆ" ಅನ್ನುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಅವರು ಮತ್ತೆ ಅದನ್ನೇ ಹೇಳಲಿ ಎಂದು ಕಾಯುತ್ತಿದ್ದೆ.

ಓಡಿಸುವುದನ್ನು ಅವರೇ ಕಲಿಸಿದರು, ಕೋಟೆ ಮೈದಾನದಲ್ಲಿ. ಲೈಸೆನ್ಸನ್ನೂ ಮಾಡಿಸಿದರು. ಆದರೆ ಅವರು ಪಕ್ಕದಲ್ಲಿ ಇಲ್ಲದೆ ನಾನೊಬ್ಬಳೇ ಎಂದೂ ಓಡಿಸಿರಲಿಲ್ಲ.

ಆ ದಶಕದ ಕೊನೆಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಪೇಪರು ಓದುತ್ತ ಕೂತವರು ಕೂತಂತೆಯೇ ಹೋಗಿಬಿಟ್ಟರು. ನಿಮ್ಮಮ್ಮ ಆಗಲೇ ಮದುವೆಯಾಗಿ ದಾವಣಗೆರೆಯಲ್ಲಿದ್ದಳು. ಕರ್ಮಗಳೆಲ್ಲ ಮುಗಿದು, ಬಂದವರು ಒಬ್ಬೊಬ್ಬರಾಗಿ ಹೊರಟುಹೋದರು. ಮನೆಯಲ್ಲಿ ಒಂದು ಲೋಟ, ಒಂದು ತಟ್ಟೆ ತೊಳೆಯುವ ಕೆಲಸ ಉಳಿಯಿತು. ಮಧ್ಯಾಹ್ನ ಊಟವಾದ ಮೇಲೆ ಶೆಡ್ಡಿಗೆ ಹೋಗಿ ಕಾರಿನ ಎಡಗಡೆ ಸೀಟಿನಲ್ಲಿ ಕೂರುತ್ತಿದ್ದೆ. ಒಳಗೆ ಪೆಟ್ರೋಲು ಮತ್ತು ಅವರ ತಲೆಗೆಣ್ಣೆಯ ವಾಸನೆ ಇತ್ತು. ನಾಲ್ಕು ಗಂಟೆಗೆ ಹಾಲಿನವನು ಕೂಗಿದರೆ ಎದ್ದು ಬರುತ್ತಿದ್ದೆ.

ಮಲ್ಲೇಶ್ವರದಲ್ಲಿದ್ದ ನನ್ನ ಮೈದುನ ಯುಗಾದಿ ಕಳೆದ ಮೇಲೆ ಬಂದರು. ಒಳ್ಳೆಯವರೇ. ಚಕ್ರಗಳನ್ನು ಕಾಲಲ್ಲಿ ಮುಟ್ಟಿ ನೋಡಿದರು.

"ಅತ್ತಿಗೆ, ಟೈರೆಲ್ಲ ಮೊದಲೇ ಹಳೇದು, ನಿಂತ ಮೇಲಂತೂ ಬಿರುಕು ಬಿಟ್ಟಿದೆ. ಅಟ್ಟದ ಮೇಲಿರೋದೂ ಕಲ್ಲಾಗಿರುತ್ತೆ. ಸುಮ್ನೆ ಯಾಕೆ ಇಟ್ಕೋಬೇಕು? ಮಳೆಗಾಲ ಶುರುವಾಗೋದ್ರೊಳಗೆ ಕೊಟ್ಬಿಡೋಣ. ನಮ್ಮ ಕಚೇರೀಲಿ ಒಬ್ರು ಕೇಳ್ತಿದಾರೆ."

"ನೋಡೋಣ" ಅಂದೆ.

"ನೋಡೋದೇನಿದೆ? ನೀವಂತೂ ಓಡಿಸಲ್ಲ."

ಅವರು ಹೇಳಿದ್ದು ಕೊಂಕಲ್ಲ, ಅವರಿಗೆ ಕಂಡ ಸತ್ಯ. ಅವರು ಹೋದ ಮೇಲೆ ಶೆಡ್ಡಿನಲ್ಲಿ ಬಹಳ ಹೊತ್ತು ನಿಂತಿದ್ದೆ. ಕಾರು ಹೋದರೆ ಮಧ್ಯಾಹ್ನ ಎಲ್ಲಿ ಕೂರುವುದು ಎಂಬುದೊಂದೇ ತಲೆಯಲ್ಲಿತ್ತು. ಅದು ಮನೆಯಲ್ಲಿ ಉಳಿಯಬೇಕಾದರೆ ಓಡಬೇಕು, ಓಡಬೇಕಾದರೆ ಟೈರು ಬೇಕು. ಎರಡು ಜೊತೆ ಕೊಂಡು ಏನು ಮಾಡಲಿ? ಜಾಕು ಹಾಕಿ ಬದಲಾಯಿಸುವವರು ಯಾರು? ಬಿಸಿಲಿಗೂ ಮಳೆಗೂ ಆಗುವ ಒಂದೇ ಜೊತೆ ತರಬೇಕು, ಮೈದುನ ಮತ್ತೆ ಬರುವುದರೊಳಗೆ ತರಬೇಕು ಎಂದು ಗಟ್ಟಿ ಮಾಡಿಕೊಂಡೆ.

ಜೆ.ಸಿ. ರಸ್ತೆಗೆ ನಡೆದೇ ಹೋದೆ. ಕಾರಿನ ಸಾಮಾನಿನ ಅಂಗಡಿಗಳು ಸಾಲಾಗಿದ್ದವು, ಎಲ್ಲದರಲ್ಲೂ ಗಂಡಸರೇ. ಒಂದು ಸಲ ಆ ಕೊನೆವರೆಗೆ ಹೋಗಿ ತಿರುಗಿ ಬಂದೆ. ಒಂದು ಟೈರಿನ ಅಂಗಡಿಯಲ್ಲಿ ಅಣ್ಣ ತಮ್ಮ ಇಬ್ಬರೇ ಕೂತು ಚುರುಮುರಿ ತಿನ್ನುತ್ತಿದ್ದರು. ತಿನ್ನುತ್ತಿರುವವರು ಅಷ್ಟು ಗದರುವುದಿಲ್ಲ ಎಂದು ಅಲ್ಲಿಗೇ ಹತ್ತಿದೆ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಯಾವ ಗಾಡಿ?" ಎಂದರು ಅಣ್ಣ. ಅವರಿಗೆ ತಲೆ ನರೆತಿತ್ತು.

"ಕೆಂಪಗಿದೆ" ಅಂದೆ.

"ಇರ್ಲಿ ಬಿಡಿ, ಟೈರು ಮಾತ್ರ ನಮ್ಮಲ್ಲಿ ಕಪ್ಪೇ ಇರೋದು" ಎಂದ ತಮ್ಮ.

"ನೀನ್ ಸುಮ್ನಿರೋ."

ನಾನು ಕಾರಿನ ಹೆಸರು ಹೇಳಿದೆ. ಇಬ್ಬರೂ ಚುರುಮುರಿ ಪೊಟ್ಟಣ ಕೆಳಗಿಟ್ಟರು.

"ಆ ಗಾಡೀನಾ? ಬೆಂಗಳೂರಲ್ಲಿ ಇನ್ನೂ ಓಡ್ತಿದ್ಯಾ?" ಎಂದ ತಮ್ಮ. "ಯಜಮಾನ್ರು ಹ್ಯಾಗೆ ಓಡಿಸ್ತಾರೆ ಅಮ್ಮ? ಟೈರು ಗಾಡಿ ನೋಡಿ ಹಾಕೋದಲ್ಲ, ಓಡಿಸೋರ್ನ ನೋಡಿ ಹಾಕೋದು."

ನಿಮ್ಮಮ್ಮ ಬಲವಂತ ಮಾಡಿದ್ದಕ್ಕೆ ನಾನು ಹಣೆಗೆ ಸಣ್ಣ ಬೊಟ್ಟು ಇಟ್ಟುಕೊಳ್ಳುತ್ತಿದ್ದೆ. ಹಾಗಾಗಿ ತಾತ ಇಲ್ಲವೆಂದು ಅಂಗಡಿಯವರಿಗೆ ತಿಳಿಯುವಂತಿರಲಿಲ್ಲ. ಕೇಳಿದ ಪ್ರಶ್ನೆಗೆ ನನ್ನ ಬಾಯಿಂದ ಉತ್ತರ ತಾನಾಗಿ ಬಂತು.

"ಜೋರಾಗಿ ಓಡಿಸ್ತಾರೆ. ತಿರುವಲ್ಲಿ ಬ್ರೇಕ್ ಹಾಕಲ್ಲ, ಗೇರ್ ಇಳಿಸ್ತಾರೆ."

"ನೋಡಣ್ಣ" ಎಂದ ತಮ್ಮ. "ಲಾಂಗ್ ಹೋಗ್ತಾರಾ?"

"ಭಾನುವಾರ ಕನಕಪುರದ ಕಡೆ. ಬೆಳಿಗ್ಗೆ ರಸ್ತೆ ತಣ್ಣಗಿರುತ್ತೆ, ಟೈರು ಬಿಸಿಯಾಗೋವರ್ಗೂ ಮೆಲ್ಲಗೆ ಹೋಗ್ತಾರೆ. ಆಮೇಲೆ ಬಿಡ್ತಾರೆ."

"ಗೊತ್ತಿರೋ ಮನುಷ್ಯ. ಮಳೇಲಿ?"

"ಮಳೆಗೆ ಬೇರೆ ಜೊತೆ ಹಾಕ್ತಿದ್ರು. ಈಗ ಎಲ್ಲಾ ಕಾಲಕ್ಕೂ ಆಗೋ ಥರ ಒಂದೇ ಬೇಕು."

"ಬದಲಾಯ್ಸೋಕೆ ಸೋಮಾರಿತನ ಬಂತಾ ಅವ್ರಿಗೆ?" ಎಂದು ತಮ್ಮ ನಕ್ಕ. ನಾನೂ ನಕ್ಕೆ. ಅಷ್ಟು ತಿಂಗಳಲ್ಲಿ ತಾತನ ವಿಷಯವಾಗಿ ಯಾರಾದರೂ ನಕ್ಕಿದ್ದು ಅದೇ ಮೊದಲು. ಮನೆಗೆ ಬಂದವರೆಲ್ಲ ದನಿ ತಗ್ಗಿಸಿ ಮಾತಾಡಿ ಹೋಗುತ್ತಿದ್ದರು. ಇಲ್ಲಿ ಇವರು, ಬೀದಿಯ ಆ ಗಲಾಟೆಯಲ್ಲಿ, ಅವರನ್ನು ತಮಾಷೆ ಮಾಡುತ್ತಿದ್ದಾರೆ. ಏಳಲು ಮನಸ್ಸೇ ಆಗಲಿಲ್ಲ.

ತಮ್ಮ ಒಂದು ಅಗಲದ ಟೈರನ್ನು ಉರುಳಿಸಿಕೊಂಡು ಬಂದ. "ಇಂಥ ಡ್ರೈವರಿಗೆ ಇದೇ. ನೆಲ ಕಚ್ಚಿ ಹಿಡಿಯುತ್ತೆ. ಸ್ಟೇರಿಂಗ್ ಸ್ವಲ್ಪ ಭಾರ ಆಗುತ್ತೆ, ಅವ್ರ ಕೈಗೇನು?"

"ನೀರು ನಿಂತ ಕಡೆ ಅದು ಜಾರುತ್ತೆ ಕಣೋ. ಮಳೆ ಬಂದ್ರೆ ಟೌನ್ ಹಾಲ್ ಮುಂದೆ ಕೆರೆ ಆಗುತ್ತೆ, ನೋಡಿಲ್ವಾ?" ಎಂದು ಅಣ್ಣ ಇನ್ನೊಂದನ್ನು ತೋರಿಸಿದರು. ಅದು ಕಿರಿದು, ಮಧ್ಯದಲ್ಲಿ ನೀರು ಹೋಗಲು ಗೆರೆಗಳಿದ್ದವು. "ಇದು ಬಿಸಿಲಿಗೂ ಆಗುತ್ತೆ, ಮಳೆಗೂ ಆಗುತ್ತೆ. ಮೆತ್ತಗಿದೆ. ಮಜಾ ಮಾತ್ರ ಅಷ್ಟು ಕೊಡಲ್ಲ."

"ಮಜಾ ಬೇಡ ಅನ್ನೋರು ಆ ಗಾಡಿ ಯಾಕಣ್ಣ ಇಟ್ಕೊಳ್ತಾರೆ? ಎತ್ತಿನಗಾಡಿ ತಗೋತಾರೆ."

ನಾನು ಅಗಲದ ಟೈರಿನ ಮೇಲೆ ಕೈಯಿಟ್ಟು, "ಇದನ್ನೇ ಕೊಡಿ" ಅಂದೆ. ತಾತ ಇದ್ದಿದ್ದರೆ ಅದನ್ನೇ ಆರಿಸುತ್ತಿದ್ದರು. ಅದರಲ್ಲಿ ನನಗೆ ಸಂಶಯವಿರಲಿಲ್ಲ.

"ಆಯ್ತಮ್ಮ. ಆದ್ರೆ ಒಂದ್ ಮಾತು, ಯಜಮಾನ್ರನ್ನೇ ಒಂದ್ಸಲ ಕಳ್ಸಿ" ಎಂದ ತಮ್ಮ. "ಇಂಥೋರು ಕೈಯಲ್ಲಿ ಮುಟ್ಟಿ ನೋಡ್ದೆ ಒಪ್ಪಲ್ಲ. ನಮಗೂ ಅವ್ರನ್ನ ನೋಡ್ದಂಗಾಗುತ್ತೆ."

ನನ್ನ ಕೈ ಟೈರಿನ ಮೇಲೇ ಇತ್ತು.

"ಅವರಿಲ್ಲ" ಅಂದೆ.

"ಊರಲ್ಲಿಲ್ವಾ? ಬಂದ ಮೇಲೇ ಕಳ್ಸಿ, ಅವಸರವೇನಿಲ್ಲ."

"ಇಲ್ಲ. ತೀರ್ಕೊಂಡ್ರು. ಓಡಿಸೋಳು ನಾನೇ."

ಆ ಮಾತನ್ನು ಅದಕ್ಕೆ ಮೊದಲು ನನ್ನ ಬಾಯಿಂದ ನಾನು ಹೇಳಿರಲಿಲ್ಲ. ಎಲ್ಲರಿಗೂ ಬೇರೆಯವರೇ ತಿಳಿಸಿದ್ದರು. ಹೊರಗೆ ಒಂದು ಬಸ್ಸು ಬಹಳ ಹೊತ್ತು ಹಾರನ್ನು ಹೊಡೆಯಿತು. ತಮ್ಮ ಅಗಲದ ಟೈರನ್ನು ಮೆಲ್ಲಗೆ ನನ್ನ ಕೈಕೆಳಗಿನಿಂದ ಜರುಗಿಸಿ ಗೋಡೆಗೆ ಒರಗಿಸಿದ. ಅಣ್ಣ ಸ್ಟೂಲನ್ನು ನನ್ನ ಹತ್ತಿರಕ್ಕೆಳೆದು ಕೂತು, ಮೊದಲಿನಿಂದ ಕೇಳಲು ಶುರುಮಾಡಿದರು.

"ನೀವು ಹ್ಯಾಗೆ ಓಡಿಸ್ತೀರಮ್ಮ?"

"ಗೊತ್ತಿಲ್ಲ. ನಿಧಾನ."

"ಮಳೇಲಿ?"

"ಮಳೇಲಿ ಓಡಿಸಿಲ್ಲ."

"ಎಲ್ಲೆಲ್ಲಿ ಹೋಗ್ತೀರಿ?"

ತಾತನ ವಿಷಯ ಕೇಳಿದಾಗ ಎಲ್ಲವೂ ನಾಲಿಗೆ ತುದಿಯಲ್ಲಿತ್ತು. ನನ್ನ ವಿಷಯ ನನಗೇ ಏನೂ ಗೊತ್ತಿರಲಿಲ್ಲ. ತಲೆ ತಗ್ಗಿಸಿ, "ಹೋಗ್ಬೇಕು ಅಂತಿದೀನಿ" ಎಂದಷ್ಟೇ ಹೇಳಿದೆ.

"ಅಷ್ಟು ಸಾಕು" ಎಂದರು ಅಣ್ಣ. ಕಿರಿದಾದ ಟೈರನ್ನು ನನ್ನ ಮುಂದೆ ನಿಲ್ಲಿಸಿದರು. "ಇದು ನಿಮ್ಮನ್ನ ಹೆದರಿಸಲ್ಲ. ಸ್ಟೇರಿಂಗ್ ಹಗುರ. ನೀವು ತಪ್ಪು ಮಾಡಿದ್ರೂ ಸ್ವಲ್ಪ ತಡ್ಕೊಳುತ್ತೆ."

ಅಟ್ಟದ ಮೇಲಿದ್ದ ಮಳೆ ಚಕ್ರಗಳನ್ನು ಅವರೇ ಲಗೇಜ್ ಆಟೋದಲ್ಲಿ ಒಯ್ದು, ಹಳೆಯ ಟೈರು ಕಿತ್ತು ಹೊಸತನ್ನು ಕೂರಿಸಿ, ಮನೆಗೇ ತಂದು ಕಾರಿಗೆ ಹಾಕಿದರು. ಅಣ್ಣ ತಮ್ಮ ಇಬ್ಬರೂ ಬಂದಿದ್ದರು. ಕೆಲಸ ಮುಗಿಸಿ ಅಣ್ಣ, "ಕುಂಕುಮದ ಬಟ್ಟಲು ತನ್ನಿ ಅಮ್ಮ" ಎಂದರು. ಒಳಗಿನಿಂದ ಬಟ್ಟಲು ತಂದೆ. ಹೊಸಿಲ ಹತ್ತಿರ ನನ್ನ ಕಾಲು ನಿಂತಿತು. ಹೊಸ ಗಾಡಿಗೆ ಕುಂಕುಮ ಇಡುವ ಕೈ ನನ್ನದಾಗಿರಲಿಲ್ಲ, ಎದುರುಮನೆಯವರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಅಣ್ಣ ಏನೂ ಕೇಳದೆ ಬಟ್ಟಲನ್ನು ತೆಗೆದುಕೊಂಡು ನಾಲ್ಕು ಚಕ್ರಕ್ಕೂ ತಾವೇ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣು ಇಟ್ಟರು.

"ನನ್ ಕೆಲ್ಸ ಆಯ್ತು. ಹತ್ತಿಸೋದು ನಿಮ್ದು."

ಬಲಗಡೆ ಸೀಟಿನಲ್ಲಿ ಕೂತು ಸ್ಟಾರ್ಟು ಮಾಡಿದೆ. ಕ್ಲಚ್ಚು ಬಿಟ್ಟರೆ ನಿಂತುಹೋಯಿತು. ಮತ್ತೆ ಮಾಡಿದೆ.

"ನಿಧಾನ ಅಮ್ಮ, ನಿಂಬೆಹಣ್ಣು ಎಲ್ಲೂ ಓಡೋಗಲ್ಲ" ಎಂದ ತಮ್ಮ.

ಹಣ್ಣು ಚಕ್ರದಡಿ ಅಪ್ಪಚ್ಚಿಯಾದದ್ದು ನನಗೆ ತಿಳಿಯಲೂ ಇಲ್ಲ, ಅಷ್ಟು ಮೆತ್ತಗಿತ್ತು ಟೈರು. ಬಸವನಗುಡಿಯವರೆಗೆ ಹೋಗಿ ಬಂದೆ. ಮೊದಲು ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ಗೊತ್ತಾಗುತ್ತಿತ್ತು, ತಿರುವಿನಲ್ಲಿ ಚಕ್ರ ಕಿರುಗುಟ್ಟುತ್ತಿತ್ತು. ಈಗ ಏನೂ ಇಲ್ಲ. ಬೇರೆ ಯಾರದೋ ಕಾರಿನಲ್ಲಿ ಕೂತಂತಾಯಿತು. ಕಾರು ಉಳಿಯಿತು. ಆದರೆ ಅದರೊಳಗೆ ಅವರು ಉಳಿದಿದ್ದದ್ದು ಆ ಸದ್ದಿನಲ್ಲಿ, ಆ ಅದುರಾಟದಲ್ಲಿ ಎಂಬುದು ಅದು ಹೋದ ಮೇಲೆ ತಿಳಿಯಿತು. ಗಾಂಧಿ ಬಜಾರಿನಲ್ಲಿ ಒಂದು ಮರದಡಿ ನಿಲ್ಲಿಸಿ ಅತ್ತೆ. ಕಿಟಕಿಯ ಗಾಜು ಏರಿಸಿದ್ದರಿಂದ ಯಾರೂ ಕೇಳಲಿಲ್ಲ.

ಮೈದುನ ಬಂದದ್ದು ಆ ವಾರದ ಭಾನುವಾರ ಸಂಜೆ.

"ಹೊಸ ಟೈರಾ? ಕೊಡೋ ಗಾಡಿಗೆ ಯಾಕೆ ಅತ್ತಿಗೆ?"

"ಕೊಡಲ್ಲ."

ಅವರು ಚಕ್ರಗಳನ್ನು ಇನ್ನೊಮ್ಮೆ ನೋಡಿ, ಒಳಗೆ ಬಂದು ಕಾಫಿ ಕುಡಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಬಸ್ಸಿಗೆ ಹೊರಟವರನ್ನು ತಡೆದು, "ಬನ್ನಿ, ಬಿಟ್ಟು ಬರ್ತೀನಿ" ಅಂದೆ. ಬೀಗದಕೈ ತಂದು ಶೆಡ್ಡಿನ ಬಾಗಿಲು ತೆಗೆದೆ. ಮಲ್ಲೇಶ್ವರದವರೆಗೂ ವೈಪರು ಹೊಡೆದುಕೊಳ್ಳುತ್ತಿತ್ತು, ನೀರು ನಿಂತ ಕಡೆ ಕಾರು ಒಂದು ಸಲವೂ ಜಾರಲಿಲ್ಲ. ಆಟೋದವರು ಹಿಂದಿನಿಂದ ಬೈದು ದಾಟಿ ಹೋದರು.

"ಅಣ್ಣ ಓಡಿಸಿದ್ರೆ ಇಷ್ಟೊತ್ತಿಗೆ ಮನೆ ಸೇರಿ ಊಟಾನೂ ಆಗಿರ್ತಿತ್ತು" ಎಂದರು ಮೈದುನ, ಅವರ ಬೀದಿ ಬಂದಾಗ.

"ಹೌದು" ಅಂದೆ.

ಇಳಿದು, ಛತ್ರಿ ಬಿಡಿಸಿ, ಕಿಟಕಿಗೆ ಬಗ್ಗಿ, "ಹುಷಾರಾಗಿ ಹೋಗಿ ಅತ್ತಿಗೆ" ಎಂದರು. ಕೊಡುವ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ.

ವಾಪಸು ಬರುವಾಗ ನಾನೊಬ್ಬಳೇ. ಪಕ್ಕದ ಸೀಟಿನಲ್ಲಿ ಮೈದುನರ ಛತ್ರಿಯಿಂದ ಇಳಿದ ನೀರಿತ್ತು. ಮಳೆಯಲ್ಲಿ ಅಷ್ಟು ದೂರ ಓಡಿಸಿದ್ದನ್ನು ಹೇಳಿಕೊಳ್ಳಬೇಕು ಅನ್ನಿಸಿತು. ಹೇಳಬೇಕಾದದ್ದು ತಾತನೊಬ್ಬರಿಗೇ. ಮನೆ ಮುಟ್ಟಿ, ಕಾರನ್ನು ಶೆಡ್ಡಿಗೆ ಹಾಕಿ, ಒಬ್ಬಳಿಗೆ ಅನ್ನ ಮಾಡಿದೆ. ಆಮೇಲೆ ಕೆಲವು ವರ್ಷ, ಮಂಡಿನೋವು ಬರುವವರೆಗೆ, ಓಡಿಸುತ್ತಲೇ ಇದ್ದೆ. ಎಲ್ಲಿಯೂ ಅಂಥ ಕೆಲಸವಿರಲಿಲ್ಲ. ಹೋಗಿ ಬರುತ್ತಿದ್ದೆ.

ಮಕ್ಕಳೇ, ಈ ಹಾಳೆಗಳನ್ನು ಎಲ್ಲೆಂದರಲ್ಲಿ ಬಿಡಬೇಡಿ. ನಿಮ್ಮಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗಿಡಿ, ನುಸಿ ಹಿಡಿಯದ ಹಾಗೆ ಒಂದೆರಡು ಬೇವಿನ ಎಲೆ ಹಾಕಿ. ನಾನು ಎದುರಿಗಿದ್ದಾಗ ಓದಬೇಡಿ, ನನಗೆ ನಾಚಿಕೆಯಾಗುತ್ತದೆ.